ಆಟಿಸಂ ಇರುವ ಮಕ್ಕಳ ಕಲಿಕೆ: ಕಲಿಸುವವರು ಕಲಿಯಬೇಕಾದುದು

ಮುಂಬಯಿಯಂಥ ಮಹಾನಗರದಲ್ಲಿ ಮಗುವನ್ನು ಶಾಲೆಗೆ ಸೇರಿಸುವುದು ಸಾಮಾನ್ಯ ಕಾರ್ಯವಲ್ಲ. ಶುಲ್ಕವೆಷ್ಟು, ಮಾಧ್ಯಮ ಯಾವುದು, ಶಾಲೆಯ ಬಸ್ಸು ನಮ್ಮ ಕಟ್ಟಡದವರೆಗೆ ಬರುವುದೋ ಇಲ್ಲವೋ, ಹತ್ತನೆಯ ತರಗತಿಯ ಫಲಿತಾಂಶ ಹೇಗಿದೆ ಎಂದು ತಂದೆತಾಯಿಗಳು ನಾನಾ ಬಗೆಯಲ್ಲಿ ವಿಚಾರಿಸುತ್ತಾರೆ. ಆಟಿಸಂ ಇರುವ ಮಗುವಿನ ತಂದೆತಾಯಿಗಳು ಇವೆಲ್ಲಕ್ಕೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇಂಥ ಮಕ್ಕಳನ್ನು ನೀವು ಸೇರಿಸಿಕೊಳ್ಳುತ್ತೀರಾ?" ಹೌದೆಂಬ ಉತ್ತರ ದೊರೆತೊಡನೆ ಅವರಿಗಾಗುವ ಸಮಾಧಾನವನ್ನು ಅನುಭವಿಸಿದವರೇ ಬಲ್ಲರು. ಆದರೆ ಆ ಸಮಾಧಾನದ ಭರದಲ್ಲಿ ಇನ್ನೊಂದು ಪ್ರಶ್ನೆ ಕೇಳದೆಯೇ ಉಳಿದುಹೋಗುತ್ತದೆ. ಮಗುವಿನೊಡನೆ ದಿನಕ್ಕೆ ಐದಾರು ತಾಸು ಕಳೆಯಲಿರುವ ಸಿಬ್ಬಂದಿಗೆ ಈ ಕೆಲಸವನ್ನು ಯಾರು, ಹೇಗೆ, ಎಷ್ಟು ಕಾಲ ಕಲಿಸಿದ್ದಾರೆ? ಪ್ರಸ್ತುತ ಲೇಖನದ ವಿಷಯ ಇದೇ ಆಗಿದೆ.

ಈ ಲೇಖಕನು ವೈದ್ಯನಲ್ಲ, ಶಿಕ್ಷಣತಜ್ಞನೂ ಅಲ್ಲ. ವಾಣಿಜ್ಯ ಶಾಸ್ತ್ರದ ಪದವಿ ಪಡೆದು ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು. ಸೋದರಳಿಯನಿಗೆ ಆಟಿಸಂ ಇರುವುದು ತಿಳಿದಂದಿನಿಂದ ಈ ವಿಷಯದ ಮೇಲೆ ಓದುತ್ತ, ಬಲ್ಲವರನ್ನು ಕೇಳುತ್ತ, ಶಾಲೆಯ ಸಭೆಗಳಿಗೆ ಅಕ್ಕನೊಡನೆ ಹೋಗುತ್ತ ಸಂಗ್ರಹಿಸಿದ ತಿಳಿವಳಿಕೆಯನ್ನು ಸಂಘದ ಸದಸ್ಯರ ಮುಂದಿಡುತ್ತಿದ್ದೇನೆ.

ಮೊದಲು ಆಟಿಸಂ ಎಂದರೇನೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದು ಕೆಲವರು ಕರೆಯುತ್ತಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿದ್ದ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ವಿವರಿಸಿದರು. ಇದು ಅಂಟುವ ರೋಗವಲ್ಲ, ಔಷಧದಿಂದ ಹೋಗಲಾಡಿಸತಕ್ಕ ಕಾಯಿಲೆಯೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ಭಿನ್ನತೆ. ಇತರರೊಡನೆ ಬೆರೆಯುವುದು, ಮಾತು ಹಾಗೂ ಸಂಜ್ಞೆಗಳ ಮೂಲಕ ವ್ಯವಹರಿಸುವುದು ಇಂಥ ಮಕ್ಕಳಿಗೆ ಕಷ್ಟವಾಗುತ್ತದೆ. ಒಂದೇ ಬಗೆಯ ಆಟ, ಒಂದೇ ದಾರಿ, ಒಂದೇ ತಟ್ಟೆ ಎಂಬ ಹಟ ಬಲವಾಗಿರುತ್ತದೆ. ಶಬ್ದ, ಬೆಳಕು, ಬಟ್ಟೆಯ ಸ್ಪರ್ಶ ಇವು ಕೆಲವರಿಗೆ ಅತಿಯಾಗಿ ತಾಗುತ್ತವೆ. ಕೆಲವರು ನಿರರ್ಗಳವಾಗಿ ಮಾತನಾಡಿದರೆ ಮತ್ತೆ ಕೆಲವರು ಒಂದು ಮಾತನ್ನೂ ಆಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ತಾಯಿಯ ಪ್ರೀತಿಯ ಕೊರತೆಯಿಂದ ಇದು ಬರುತ್ತದೆಂಬ ಕ್ರೂರವಾದ ಮಾತೊಂದು ಹಿಂದೆ ಪಾಶ್ಚಾತ್ಯ ದೇಶಗಳಲ್ಲಿ ವಿದ್ವಾಂಸರ ಬಾಯಿಂದಲೇ ಬರುತ್ತಿತ್ತು. 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು, ಸ್ವತಃ ಇಂಥ ಮಗುವಿನ ತಂದೆ, ಆ ವಾದವನ್ನು ಗ್ರಂಥವೊಂದರಲ್ಲಿ ಖಂಡಿಸಿದರು. ನಮ್ಮ ಬಂಧುವರ್ಗದಲ್ಲಿ ಅದರ ಪಳೆಯುಳಿಕೆ ಇನ್ನೂ ಇದೆ. "ತಾಯಿ ಕೆಲಸಕ್ಕೆ ಹೋಗುತ್ತಾಳಲ್ಲ, ಅದಕ್ಕೇ" ಎನ್ನುವವರನ್ನು ಮದುವೆಮನೆಗಳಲ್ಲಿ ನಾನೇ ಕೇಳಿದ್ದೇನೆ.

ಈಗ ಶಾಲೆಯ ವಿಚಾರ. ನಮ್ಮ ತರಗತಿಗಳು ನಡೆಯುವುದು ಹೆಚ್ಚಾಗಿ ಬಾಯಿಮಾತಿನಿಂದ. "ಎಲ್ಲರೂ ಪುಸ್ತಕ ತೆಗೆಯಿರಿ, ಮೂವತ್ತೆರಡನೆಯ ಪುಟ, ಮೊದಲನೆಯ ಲೆಕ್ಕ ಬಿಟ್ಟು ಎರಡನೆಯದನ್ನು ಮಾಡಿ" ಎಂಬ ಒಂದೇ ಉಸಿರಿನ ಸೂಚನೆಯಲ್ಲಿ ಮೂರು ಆಜ್ಞೆಗಳಿವೆ. ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಆಟಿಸಂ ಇರುವ ಮಗು "ಎಲ್ಲರೂ" ಎಂಬುದರಲ್ಲಿ ತಾನೂ ಸೇರಿದ್ದೇನೆಂದು ತಿಳಿಯದೆ ಇರಬಹುದು. ತಿಳಿದರೂ ಮೊದಲನೆಯ ಆಜ್ಞೆಯನ್ನು ಗ್ರಹಿಸುವಷ್ಟರಲ್ಲಿ ಮೂರನೆಯದು ಮುಗಿದಿರುತ್ತದೆ. ಅದೇ ಸೂಚನೆಯನ್ನು ಚಿತ್ರವಾಗಿಯೋ ಬರಹವಾಗಿಯೋ ಕಣ್ಣ ಮುಂದಿಟ್ಟರೆ ಅದು ಅಲ್ಲಿಯೇ ನಿಲ್ಲುತ್ತದೆ, ಬೇಕಾದಷ್ಟು ಸಲ ನೋಡಬಹುದು. ಇಂಥ ಅನೇಕ ಮಕ್ಕಳು ಕೇಳಿದುದಕ್ಕಿಂತ ಕಂಡುದನ್ನು ಸುಲಭವಾಗಿ ಗ್ರಹಿಸುತ್ತಾರೆಂಬುದೇ ಈ ಶಿಕ್ಷಣಕ್ರಮದ ಅಡಿಗಲ್ಲು.

ಈ ಅಡಿಗಲ್ಲಿನ ಮೇಲೆ ಕಟ್ಟಡವನ್ನು ಎಬ್ಬಿಸಿದವರಲ್ಲಿ ಎರಿಕ್ ಶಾಪ್ಲರ್ ಅವರ ಹೆಸರು ಪ್ರಮುಖವಾದುದು. 1927ರಲ್ಲಿ ಜರ್ಮನಿಯಲ್ಲಿ ಜನಿಸಿ, ಯೆಹೂದಿ ಕುಟುಂಬದವರಾದುದರಿಂದ ಬಾಲ್ಯದಲ್ಲೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ವಲಸೆ ಹೋದವರು ಇವರು. ನಾರ್ತ್ ಕೆರೊಲೈನಾ ವಿಶ್ವವಿದ್ಯಾನಿಲಯದಲ್ಲಿ ಇವರು ಸಹೋದ್ಯೋಗಿಗಳೊಡನೆ ರೂಪಿಸಿದ ಕಾರ್ಯಕ್ರಮವನ್ನು 1972ರಲ್ಲಿ ಆ ರಾಜ್ಯದ ಶಾಸನಸಭೆಯು ರಾಜ್ಯಾದ್ಯಂತ ನಡೆಸಲು ಅನುಮತಿ ನೀಡಿತು. ಟೀಚ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪದ್ಧತಿಯಲ್ಲಿ ತಂದೆತಾಯಿಗಳು ದೋಷಿಗಳಲ್ಲ, ಶಿಕ್ಷಕರ ಸಹಭಾಗಿಗಳು. ತರಗತಿಯಲ್ಲಿ ಯಾವ ಮೂಲೆ ಯಾವ ಕೆಲಸಕ್ಕೆಂಬುದು ಮಗುವಿನ ಕಣ್ಣಿಗೆ ಕಾಣುವಂತಿರಬೇಕು. ದಿನದ ಕಾರ್ಯಕ್ರಮ ಚಿತ್ರಗಳ ಸಾಲಾಗಿ ಗೋಡೆಯ ಮೇಲಿರಬೇಕು. ಮಾಡಬೇಕಾದ ಕೆಲಸ ಮೇಜಿನ ಎಡಕ್ಕೆ, ಮುಗಿದುದು ಬಲಗಡೆಯ ಬುಟ್ಟಿಗೆ. ಬುಟ್ಟಿ ತುಂಬಿದರೆ ಕೆಲಸ ಮುಗಿಯಿತು, ಮುಂದಿನದು ಏನೆಂಬುದು ಪಕ್ಕದ ಚಿತ್ರದಲ್ಲಿದೆ. ನಮ್ಮ ಬ್ಯಾಂಕಿನ ಮೇಜಿನ ಮೇಲೆ ಹಿಂದೆ ಒಳಬರುವ ಕಾಗದಗಳಿಗೊಂದು, ಹೊರಹೋಗುವವಕ್ಕೊಂದು ತಟ್ಟೆ ಇರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ತತ್ತ್ವ ಅದೇ.

ಗಮನಿಸಬೇಕಾದ ಸಂಗತಿಯೆಂದರೆ, ಆ ಕಾರ್ಯಕ್ರಮದವರು ಶಿಕ್ಷಕರನ್ನು ತಯಾರು ಮಾಡುವ ರೀತಿ. ಅವರ ಐದು ದಿನಗಳ ತರಬೇತಿ ಪ್ರಸಿದ್ಧವಾದುದು. ಅದು ಸಭಾಂಗಣದ ಭಾಷಣವಲ್ಲ. ಆಟಿಸಂ ಇರುವ ಮಕ್ಕಳೇ ಅಲ್ಲಿರುತ್ತಾರೆ. ಶಿಕ್ಷಕರು ಅವರನ್ನು ಗಮನಿಸಿ, ಅವರಿಗೆ ತಕ್ಕ ಕೆಲಸವನ್ನು ತಾವೇ ತಯಾರಿಸಿ, ಮಗುವಿನ ಮುಂದಿಟ್ಟು, ಅದು ಫಲಿಸದಿದ್ದರೆ ಬದಲಿಸಿ, ಅನುಭವಿಗಳಿಂದ ತಿದ್ದಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ. ಶನಿವಾರ ಒಂದು ದಿನ ಎಲ್ಲ ಉಪಾಧ್ಯಾಯಿನಿಯರನ್ನು ಸಭಾಂಗಣದಲ್ಲಿ ಕೂರಿಸಿ, ಪರದೆಯ ಮೇಲೆ ಚಿತ್ರ ತೋರಿಸಿ, ತಜ್ಞರೊಬ್ಬರು ಉಪನ್ಯಾಸ ನೀಡುತ್ತಾರೆ. ಚಹಾ, ಬಟಾಟೆವಡೆ, ಪ್ರಮಾಣಪತ್ರ. ಉಪನ್ಯಾಸ ಚೆನ್ನಾಗಿಯೇ ಇರುತ್ತದೆ. ಆದರೆ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಮಗು ಮೇಜಿನ ಕೆಳಗೆ ಕುಳಿತಾಗ ಏನು ಮಾಡಬೇಕೆಂಬುದು ಉಪಾಧ್ಯಾಯಿನಿಗೆ ಹೊಳೆಯುವುದಿಲ್ಲ. ಶಿಕ್ಷಕರ ತರಬೇತಿಯನ್ನು ದೀರ್ಘಕಾಲ ಅಭ್ಯಸಿಸಿದ ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಸಂಶೋಧಕರು 1980ರಿಂದಲೇ ಇದನ್ನು ಹೇಳುತ್ತ ಬಂದರು. ತತ್ತ್ವವನ್ನು ವಿವರಿಸಿದರೆ ಶಿಕ್ಷಕರಿಗೆ ವಿಷಯ ತಿಳಿಯುತ್ತದೆ; ಮಾಡಿ ತೋರಿಸಿದರೆ, ಮಾಡಿಸಿ ತಿದ್ದಿದರೆ ಕೌಶಲವೂ ಬರುತ್ತದೆ; ಆದರೆ ಆ ಕೌಶಲ ತರಗತಿಯ ನಿತ್ಯದ ರೂಢಿಯಾಗಬೇಕಾದರೆ ಬಲ್ಲವರು ತರಗತಿಗೇ ಬಂದು ಜೊತೆಗೆ ನಿಂತು ಕೆಲವು ಕಾಲ ಸಹಾಯ ಮಾಡಬೇಕು.

ನನಗೆ ಇದು ಹೊಸ ಮಾತೆನಿಸಲಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ಬ್ಯಾಂಕಿನ ತರಬೇತಿ ಕಾಲೇಜಿನಲ್ಲಿ ಪಾಠ ಕೇಳಿದ್ದೆ. ನೋಟು ಎಣಿಸುವುದನ್ನು ಕಲಿತದ್ದು ಮಾತ್ರ ಅಲ್ಲಲ್ಲ. ಶಾಖೆಯ ಹಿರಿಯ ಕ್ಯಾಷಿಯರರೊಬ್ಬರು ಪಕ್ಕದಲ್ಲಿ ಕುಳಿತು, ನನ್ನ ಕೈಯಿಂದ ಕಟ್ಟನ್ನು ತೆಗೆದುಕೊಂಡು ತಾವೇ ಎಣಿಸಿ ತೋರಿಸಿ, "ಈಗ ನೀವು ಎಣಿಸಿ ನೋಡೋಣ" ಎಂದು ಮರಳಿ ಕೊಟ್ಟು, ನನ್ನ ಹೆಬ್ಬೆರಳಿನ ಚಲನೆಯನ್ನು ತಿದ್ದಿದರು. ನಗದಿಗೆ ಈ ಎಚ್ಚರಿಕೆ ಬೇಕೆಂದು ಯಾವ ಬ್ಯಾಂಕೂ ಒಪ್ಪುತ್ತದೆ.

ಹಾಗೆಂದು ಇಂಥ ತರಬೇತಿ ದೊಡ್ಡ ಪದವಿಗಳನ್ನು ಪಡೆದವರಿಗೆ ಮಾತ್ರ ಸಾಧ್ಯವೆಂದು ಭಾವಿಸಬೇಕಾಗಿಲ್ಲ. ನಮ್ಮ ನೆರೆಯ ಗೋವಾದಲ್ಲಿ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಏಕಕಾಲಕ್ಕೆ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೋವಾದಲ್ಲಿ ಅದನ್ನು ನಡೆಸಿದ್ದು ಸಂಗಾತ್ ಎಂಬ ಸಂಸ್ಥೆ. 2ರಿಂದ 9 ವರ್ಷದೊಳಗಿನ 65 ಮಕ್ಕಳು ಅದರಲ್ಲಿದ್ದರು. ಇಂಗ್ಲೆಂಡಿನಲ್ಲಿ ವಾಕ್ ತಜ್ಞರು ನಡೆಸುತ್ತಿದ್ದ ಕ್ರಮವನ್ನು ಇಲ್ಲಿ ತಜ್ಞರಲ್ಲದ ಸಾಮಾನ್ಯ ಆರೋಗ್ಯ ಕಾರ್ಯಕರ್ತರಿಗೆ ಕಲಿಸಲಾಯಿತು. ತಾಯಿ ಅಥವಾ ತಂದೆ ಮಗುವಿನೊಡನೆ ಆಡುವುದನ್ನು ಚಿತ್ರೀಕರಿಸಿ, ಆಮೇಲೆ ಅವರೊಂದಿಗೆ ಕುಳಿತು ಆ ಚಿತ್ರವನ್ನೇ ನೋಡುತ್ತ, "ಇಲ್ಲಿ ನೀವು ಸ್ವಲ್ಪ ಕಾದಿರಿ, ಮಗು ನಿಮ್ಮತ್ತ ನೋಡಿತು" ಎಂಬಂತೆ ತೋರಿಸಿಕೊಡುವುದು ಅದರ ತಿರುಳು. ಕಾರ್ಯಕರ್ತರ ಕೆಲಸವನ್ನು ಬಲ್ಲವರು ಮೇಲಿಂದ ಮೇಲೆ ಪರಿಶೀಲಿಸುತ್ತಿದ್ದರು. ತಂದೆತಾಯಿಗಳು ಮಗುವಿನ ಇಂಗಿತಕ್ಕೆ ತಕ್ಕಂತೆ ಸ್ಪಂದಿಸುವುದು ಹೆಚ್ಚಿತು. ಮಕ್ಕಳು ತಾವಾಗಿ ಸಂಪರ್ಕಕ್ಕೆ ಮುಂದಾಗುವುದೂ ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಲಾಭವೇ ಕಾಣಲಿಲ್ಲ. ಇಬ್ಬರ ಗಮನವೂ ಒಂದೇ ವಸ್ತುವಿನ ಮೇಲೆ ನೆಲೆಸುವ ಅವಧಿ ಕಡಿಮೆಯಾಯಿತೆಂಬುದನ್ನೂ ಸಂಶೋಧಕರು ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಆದರೂ ಸಾಧಾರಣ ವಿದ್ಯಾಭ್ಯಾಸವುಳ್ಳವರು ಸರಿಯಾದ ಮೇಲ್ವಿಚಾರಣೆಯಲ್ಲಿ ಈ ಕೆಲಸವನ್ನು ಮಾಡಬಲ್ಲರೆಂಬುದು ನಮ್ಮಂಥ ದೇಶಕ್ಕೆ ಸಣ್ಣ ಸುದ್ದಿಯಲ್ಲ.

ಹಾಗಾದರೆ ಸಿಬ್ಬಂದಿ ಮುಖ್ಯವಾಗಿ ಏನನ್ನು ಕಲಿಯಬೇಕು? ಮಾತನ್ನು ಕಡಿಮೆ ಮಾಡುವುದನ್ನು ಮೊದಲು ಕಲಿಯಬೇಕು. "ಕುಳಿತುಕೋ" ಎಂದು ಒಮ್ಮೆ ಹೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತ ಕಾಯುವುದು ಕೇಳುವುದಕ್ಕೆ ಸುಲಭ. ಮೂವತ್ತೈದು ಮಕ್ಕಳ ಗದ್ದಲದ ನಡುವೆ ಮಾಡುವುದು ಕಷ್ಟ. ಬದಲಾವಣೆಯನ್ನು ಮುಂಚಿತವಾಗಿ ತಿಳಿಸುವುದು ಎರಡನೆಯದು. ಮಳೆಯಿಂದ ಆಟದ ಅವಧಿ ರದ್ದಾದರೆ ಚಿತ್ರದ ಸಾಲಿನಿಂದ ಚೆಂಡಿನ ಚಿತ್ರವನ್ನು ಮಗುವಿನ ಎದುರಿಗೇ ತೆಗೆದು ಬೇರೊಂದನ್ನು ಅಂಟಿಸಿದರೆ ಅರ್ಧ ತಾಸಿನ ಅಳು ತಪ್ಪಬಹುದು. ಸಹಾಯವನ್ನು ಹಿಂತೆಗೆದುಕೊಳ್ಳುವ ವಿದ್ಯೆ ಮೂರನೆಯದು. ನನ್ನ ದೃಷ್ಟಿಯಲ್ಲಿ ಇದು ಅತ್ಯಂತ ಕಠಿಣವಾದುದು, ಅತ್ಯಂತ ಕಡೆಗಣಿಸಲ್ಪಟ್ಟುದೂ ಹೌದು.

ಮಹಾನಗರದ ಶಾಲೆಗಳಲ್ಲಿ ಈಗ ಶ್ಯಾಡೋ ಟೀಚರ್ ಎಂಬ ವ್ಯವಸ್ಥೆ ಬಳಕೆಯಲ್ಲಿದೆ. ಮಗುವಿನ ಪಕ್ಕದಲ್ಲಿ ನೆರಳಿನಂತೆ ಕುಳಿತು ಸಹಾಯ ಮಾಡುವವರು ಇವರು. ಅನೇಕ ಕಡೆ ಇವರ ಸಂಬಳವನ್ನು ತಂದೆತಾಯಿಗಳೇ ಕೊಡುತ್ತಾರೆ. ಯಾವ ತರಬೇತಿಯೂ ಇಲ್ಲದ ತರುಣಿಯರನ್ನು ಈ ಕೆಲಸಕ್ಕೆ ನಿಲ್ಲಿಸುವುದುಂಟು. ಅವರು ಪ್ರೀತಿಯಿಂದಲೇ ಮಗುವಿನ ಪೆನ್ಸಿಲು ಹಿಡಿಸುತ್ತಾರೆ, ಚೀಲ ತೆಗೆಯುತ್ತಾರೆ, ಉತ್ತರ ಬರೆಸುತ್ತಾರೆ. ವರ್ಷದ ಕೊನೆಗೆ ಪುಸ್ತಕ ತುಂಬಿರುತ್ತದೆ, ಮಗು ಮಾತ್ರ ಅವರಿಲ್ಲದೆ ಪೆನ್ಸಿಲು ಮುಟ್ಟುವುದಿಲ್ಲ. ತರಬೇತಿ ಪಡೆದವರು ಹಾಗೆ ಮಾಡುವುದಿಲ್ಲ. ಮೊದಲು ಕೈಹಿಡಿದು ಮಾಡಿಸಿ, ಆಮೇಲೆ ಮೊಣಕೈಯನ್ನು ಮಾತ್ರ ಮುಟ್ಟಿ, ಅನಂತರ ಬೆರಳು ತೋರಿಸಿ, ಕಡೆಗೆ ಕುರ್ಚಿಯನ್ನೇ ಒಂದು ಗಜ ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. ಯಾವ ವಾರ ಎಷ್ಟು ಸಹಾಯ ಬೇಕಾಯಿತೆಂದು ಬರೆದಿಡುತ್ತಾರೆ. ನೆರಳಾಗಿ ಬಂದವರು ಕ್ರಮೇಣ ಅನಾವಶ್ಯಕರಾಗುವಂತೆ ದುಡಿಯಬೇಕೆಂಬುದು ಈ ಉದ್ಯೋಗದ ವೈಚಿತ್ರ್ಯ.

ನಡತೆಯ ಅರ್ಥವನ್ನು ಹುಡುಕುವುದು ಇನ್ನೊಂದು ವಿದ್ಯೆ. ಮಗು ಕಿರಿಚುವುದು, ಹೊಡೆಯುವುದು, ಓಡುವುದು ಹೆಚ್ಚಿನ ಸಂದರ್ಭಗಳಲ್ಲಿ ಏನನ್ನೋ ತಿಳಿಸುವ ಯತ್ನ. ಏನೋ ಬೇಕಾಗಿರಬಹುದು, ಏನೋ ಬೇಡವಾಗಿರಬಹುದು, ಯಾರಾದರೂ ನೋಡಲೆಂದಿರಬಹುದು, ಇಲ್ಲವೆ ಶಬ್ದ ಸಹಿಸದಾಗಿರಬಹುದು. ಇದನ್ನು ಊಹೆಯಿಂದ ನಿರ್ಧರಿಸಲಾಗದು. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆದು, ಮುಂಚೆ ಏನಾಯಿತು, ಮಗು ಏನು ಮಾಡಿತು, ಅನಂತರ ಏನಾಯಿತು ಎಂಬುದನ್ನು ಪ್ರತಿಸಲವೂ ವೇಳೆಯೊಂದಿಗೆ ಬರೆಯಬೇಕು.

ನನ್ನ ಸೋದರಳಿಯನ ದಿನಚರಿ ಪುಸ್ತಕದಲ್ಲಿ ಒಂದು ವರ್ಷ "ಊಟದ ವೇಳೆ ಆಕ್ರಮಣಕಾರಿ ನಡತೆ" ಎಂಬ ಟಿಪ್ಪಣಿ ವಾರಕ್ಕೆ ಮೂರು ನಾಲ್ಕು ಸಲ ಬರುತ್ತಿತ್ತು. ಹೀಗೇ ಮುಂದುವರಿದರೆ ಬೇರೆ ಶಾಲೆಯನ್ನು ನೋಡಿಕೊಳ್ಳಬೇಕಾದೀತೆಂಬ ಸೂಚನೆಯೂ ಅಕ್ಕನಿಗೆ ಬಂದಿತ್ತು. ಆಗ ಹೊಸದಾಗಿ ಸೇರಿದ ವಿಶೇಷ ಶಿಕ್ಷಕಿಯೊಬ್ಬರು ಎರಡು ವಾರ ಈ ಮೂರು ಅಂಕಣಗಳ ಲೆಕ್ಕ ಇಟ್ಟರು. ಡಬ್ಬಿ ಎಸೆಯುವುದು ಊಟದ ಆರಂಭದಲ್ಲಿ ಒಮ್ಮೆಯೂ ಆಗಿರಲಿಲ್ಲ, ಪ್ರತಿಸಲವೂ ಕೊನೆಯಲ್ಲಿ. ಊಟ ಮಾಡಿಸುತ್ತಿದ್ದ ಮಾವಶಿ ಕೊನೆಯ ತುತ್ತುಗಳನ್ನು ಒತ್ತಾಯದಿಂದ ತಿನ್ನಿಸುತ್ತಿದ್ದರು, ಅದೂ ಮಮತೆಯಿಂದಲೇ. ಎಸೆಯುವ ಮೊದಲು ಹುಡುಗ ಏನೋ ಒಂದು ಮಾತನ್ನು ಎರಡು ಮೂರು ಸಲ ಹೇಳುತ್ತಾನೆಂದು ಶಿಕ್ಷಕಿ ಬರೆದುಕೊಂಡಿದ್ದರು. ಅಕ್ಕನನ್ನು ಕರೆಸಿ, "ಸಾಕು ಎಂದರೇನು?" ಎಂದು ಕೇಳಿದರು. ಮರುದಿನವೇ ಮಾವಶಿ ಆ ಪದವನ್ನು ಕಲಿತರು. ಮುಚ್ಚಿದ ಡಬ್ಬಿಯ ಚಿತ್ರವೊಂದನ್ನೂ ಹುಡುಗನ ಕೈಗೆ ಕೊಟ್ಟು, ಸಾಕೆನಿಸಿದಾಗ ಅದನ್ನು ತೋರಿಸಲು ಕಲಿಸಲಾಯಿತು. ಡಬ್ಬಿ ಎಸೆಯುವುದು ಒಂದು ತಿಂಗಳೊಳಗೆ ನಿಂತಿತು. ತರಬೇತಿ ಅಗತ್ಯವಾಗಿದ್ದುದು ತರಗತಿಯ ಉಪಾಧ್ಯಾಯಿನಿಗೆ ಮಾತ್ರವಲ್ಲ, ಮಾವಶಿಗೂ ಎಂಬುದನ್ನು ಓದುಗರು ಗಮನಿಸಬೇಕು. ಬಸ್ಸಿನ ಸಹಾಯಕ, ದ್ವಾರಪಾಲಕ, ಗಂಟೆ ಬಾರಿಸುವ ಜವಾನ, ವ್ಯಾಯಾಮದ ಮಾಸ್ತರರು, ಗ್ರಂಥಾಲಯದವರು, ಇವರೆಲ್ಲರೂ ಮಗುವಿನ ದಿನದಲ್ಲಿ ಬರುವವರೇ. ಶನಿವಾರದ ಉಪನ್ಯಾಸಕ್ಕೆ ಇವರಲ್ಲಿ ಒಬ್ಬರನ್ನೂ ಕರೆಯುವುದಿಲ್ಲ.

ಇಲ್ಲಿಯೇ ನಮ್ಮ ಭಾಷೆಯ ಪ್ರಶ್ನೆಯೂ ಬರುತ್ತದೆ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂಬುದು ಹೊರನಾಡ ಕನ್ನಡಿಗರ ನಿತ್ಯದ ಸ್ಥಿತಿ. ಮಗುವಿಗೆ ಆಟಿಸಂ ಇದೆಯೆಂದಾಗ, "ಭಾಷೆಗಳು ಹೆಚ್ಚಾಗಿ ಗೊಂದಲವಾಗುತ್ತದೆ, ಮನೆಯಲ್ಲೂ ಇಂಗ್ಲಿಷನ್ನೇ ಆಡಿ" ಎಂಬ ಸಲಹೆ ಸದುದ್ದೇಶದಿಂದಲೇ ಬರುತ್ತದೆ. ನಮ್ಮ ಮನೆಗೂ ಬಂದಿತ್ತು. ಇಂಗ್ಲಿಷ್ ಬಾರದ ನಮ್ಮ ತಾಯಿ ಆರು ತಿಂಗಳು ಮೊಮ್ಮಗನೊಡನೆ ಹೆಚ್ಚುಕಡಿಮೆ ಮೌನವಾಗಿದ್ದರು; ಮಾತನಾಡಿದರೆ ಹುಡುಗನಿಗೆ ಕೆಡುಕಾದೀತೆಂದು ಅವರಿಗೆ ಭಯ. ಈ ಸಲಹೆಗೆ ಆಧಾರ ದೊರೆತಿಲ್ಲ. ಕೆನಡಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳ ಭಾಷೆಯು ಒಂದೇ ಭಾಷೆಯಲ್ಲಿ ಬೆಳೆದವರಿಗಿಂತ ಹೆಚ್ಚು ಹಿಂದುಳಿದಿರಲಿಲ್ಲ. ಅನಂತರದ ಅಧ್ಯಯನಗಳೂ ಬಹುಮಟ್ಟಿಗೆ ಇದನ್ನೇ ಹೇಳಿವೆ. ತಾಯಿಯು ತನಗೆ ಸಹಜವಾಗಿ ಬರುವ ಭಾಷೆಯಲ್ಲಿ ಆಡಿದ ಮಾತಿಗಿರುವ ಏರಿಳಿತ, ಹಾಡು, ಮುದ್ದು ಕಲಿತ ಭಾಷೆಯಲ್ಲಿ ಬಾರದು. ಆದಕಾರಣ ಮನೆಮಾತನ್ನು ಬಿಡಿಸಬಾರದೆಂಬುದನ್ನು ಸಿಬ್ಬಂದಿಯ ತರಬೇತಿಯಲ್ಲಿ ಸೇರಿಸಲೇಬೇಕು. ಅದರೊಡನೆ ನೀರು, ಬೇಡ, ಬೇಕು, ಸಾಕು, ನೋವು, ಬಾ, ಮನೆ ಎಂಬಂಥ ಹತ್ತು ಹನ್ನೆರಡು ಮನೆಮಾತಿನ ಪದಗಳನ್ನು ಅರ್ಥ ಸಹಿತ ಬರೆದು ಶಾಲೆಗೆ ಕೊಡುವುದು ನಮ್ಮ ಕೆಲಸ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಆಟಿಸಂ ಒಂದು. ಅದರ 17ನೆಯ ಪ್ರಕರಣವು ಸಮಾವೇಶಕ ಶಿಕ್ಷಣಕ್ಕೆ ನೆರವಾಗಲು ವೃತ್ತಿಪರರಿಗೂ ಸಿಬ್ಬಂದಿಗೂ ಎಲ್ಲ ಹಂತಗಳಲ್ಲಿ ತರಬೇತಿ ನೀಡುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಸಿಬ್ಬಂದಿ ಎಂಬ ಪದ ಅಲ್ಲಿ ಪ್ರತ್ಯೇಕವಾಗಿಯೇ ಇದೆ. ಸರ್ವೋಚ್ಚ ನ್ಯಾಯಾಲಯದ 2021ರ ತೀರ್ಪಿನಂತೆ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು. ವಿಶೇಷ ಶಿಕ್ಷಕರಾದವರು 1992ರ ಅಧಿನಿಯಮದ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಸಾಲ ಕೊಡುವಾಗ ನಾವು ಎಷ್ಟು ಕಾಗದಗಳನ್ನು ಕೇಳುವುದಿಲ್ಲ!

ತರಬೇತಿ ಎಲ್ಲಿ ದೊರೆಯುತ್ತದೆಂದು ಕೇಳುವ ಶಾಲೆಗಳಿಗೆ ಹೇಳಬಹುದಾದ ಸ್ಥಳಗಳಿವೆ. 1991ರಲ್ಲಿ ಆರಂಭವಾದ ದೆಹಲಿಯ ಆ್ಯಕ್ಷನ್ ಫಾರ್ ಆಟಿಸಂ, 2001ರಿಂದ ಕಾರ್ಯನಿರತವಾಗಿರುವ ಮುಂಬಯಿಯ ಉಮೀದ್, ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪಿತವಾಗಿ ನವಿ ಮುಂಬಯಿಯಲ್ಲೂ ಕೇಂದ್ರವನ್ನು ಹೊಂದಿರುವ ಬೌದ್ಧಿಕ ನ್ಯೂನತೆಯುಳ್ಳವರ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಸಮೀಪದ ಮುಟ್ಟುಕಾಡಿನ ರಾಷ್ಟ್ರೀಯ ಸಂಸ್ಥೆ ಇವು ಆಯಾ ಊರಿನ ಓದುಗರಿಗೆ ಹತ್ತಿರ. ವಾಕ್ ಮತ್ತು ಭಾಷೆಯ ವಿಚಾರದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮವರಿಗೆ ಪರಿಚಿತವೇ ಆಗಿದೆ.

"ತರಬೇತಿ ಕೊಟ್ಟರೆ ಶಿಕ್ಷಕರು ಬೇರೆ ಶಾಲೆಗೆ ಹೋಗುತ್ತಾರೆ, ಖರ್ಚು ವ್ಯರ್ಥ" ಎಂಬುದು ಆಡಳಿತ ಮಂಡಳಿಗಳ ಸಾಮಾನ್ಯ ಆಕ್ಷೇಪ. ಆಕ್ಷೇಪದಲ್ಲಿ ಸತ್ಯಾಂಶವಿದೆ, ಜೂನ್ ತಿಂಗಳಲ್ಲಿ ಹೊಸ ಉಪಾಧ್ಯಾಯಿನಿ ಬಂದಾಗ ಮಗುವಿನ ವಿಷಯ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಬ್ಯಾಂಕಿನಲ್ಲಿ ವರ್ಗವಾಗಿ ಹೋಗುವ ಅಧಿಕಾರಿಯು ಕೀಲಿಕೈ, ನಗದು, ಬಾಕಿ ಇರುವ ಕಡತಗಳನ್ನು ಪಟ್ಟಿ ಮಾಡಿ ಸಹಿ ಹಾಕಿ ಒಪ್ಪಿಸದೆ ಹೋಗುವಂತಿಲ್ಲ. ಶಾಲೆಯಲ್ಲೂ ಅಂಥದೊಂದು ಹಾಳೆ ಇರಲಿ. ಮಗುವಿಗೆ ಇಷ್ಟವಾದುದು, ಸಹಿಸದ ಶಬ್ದ, ಬೇಕು ಬೇಡಗಳನ್ನು ತಿಳಿಸುವ ರೀತಿ, ಯಾವ ಕೆಲಸಕ್ಕೆ ಈಗ ಎಷ್ಟು ಸಹಾಯ ಬೇಕು, ಹಿಂದೆ ಏನು ಪ್ರಯತ್ನಿಸಿ ಬಿಡಲಾಯಿತು ಎಂಬಷ್ಟು ಒಂದು ಪುಟದಲ್ಲಿ ಹಿಡಿಸುತ್ತದೆ. ಹಳೆಯ ಉಪಾಧ್ಯಾಯಿನಿ ಹೋಗುವ ಮುನ್ನ ಹೊಸಬರು ಎರಡು ದಿನವಾದರೂ ಅವರ ತರಗತಿಯಲ್ಲಿ ಕುಳಿತು ನೋಡಲು ಅವಕಾಶವಿದ್ದರೆ ಇನ್ನೂ ಒಳ್ಳೆಯದು. ಇದನ್ನು ಕೇಳತಕ್ಕದ್ದು ಶಾಲೆ ತೆರೆಯುವ ದಿನವಲ್ಲ, ಮಾರ್ಚ್ ತಿಂಗಳಲ್ಲಿ, ವಾರ್ಷಿಕ ಪರೀಕ್ಷೆ ಆರಂಭವಾಗುವ ಮೊದಲು, ಲಿಖಿತವಾಗಿ.